ಪರದೆಯ ಮೇಲಣ ಕಬಡ್ಡಿಯೂ ನಮ್ಮ ಊರ ಬಯಲೂ

ಚನ್ನಗಿರಿಯ ಕಡೆಯ ಯಾವುದಾದರೊಂದು ಗ್ರಾಮದ ಶಾಲೆಯ ಬಯಲಿಗೆ ಸಂಜೆಯ ಹೊತ್ತಿನಲ್ಲಿ ಹೋಗಿ ನಿಂತ ವಾಚಕರು ಒಂದು ಹೊಸ ಸಂಗತಿಯನ್ನು ಕಾಣುವರು. ಹುಡುಗನೊಬ್ಬನು ನಡುಗೆರೆಯನ್ನು ದಾಟಿ "ಕಬಡ್ಡಿ, ಕಬಡ್ಡಿ" ಎನ್ನುತ್ತ ಎದುರು ಪಕ್ಷದ ಅಂಕಣಕ್ಕೆ ನುಗ್ಗುತ್ತಿರುವಾಗ, ಹೊರಗೆ ಕುಳಿತವರು ಮೊಬೈಲು ಹಿಡಿದು ಮೂವತ್ತರಿಂದ ಹಿಂದುಹಿಂದಕ್ಕೆ ಎಣಿಸುತ್ತಿರುತ್ತಾರೆ. ಎರಡು ಸಲ ಬರಿಗೈಯಲ್ಲಿ ಹಿಂದಿರುಗಿದ ಪಕ್ಷದವನು ಮೂರನೆಯ ಸಲ ಹೊರಟನೆಂದರೆ "ಮಾಡು ಇಲ್ಲವೆ ಮಡಿ" ಎಂಬ ಕೂಗು ಏಳುತ್ತದೆ. ಈಗ ಐವತ್ತು ದಾಟಿದ ನಮ್ಮಂಥವರು ಇಂಥ ಬಯಲುಗಳಲ್ಲಿ ಆಡುತ್ತಿದ್ದಾಗ ಆ ಗಡಿಯಾರವೂ ಇರಲಿಲ್ಲ, ಆ ಕೂಗೂ ಇರಲಿಲ್ಲ. ಉಸುರಿರುವ ತನಕ ಆಟ. ಉಸುರು ಕಡಿದರೆ ಸೋಲು. ಈ ಹೊಸ ನಿಯಮಗಳನ್ನು ಆ ಹುಡುಗರಿಗೆ ಕಲಿಸಿಕೊಟ್ಟವರು ಉಪಾಧ್ಯಾಯರಲ್ಲ, ಯಾವ ಪುಸ್ತಕವೂ ಅಲ್ಲ. 2014ನೆಯ ಇಸವಿಯ ಜುಲೈ 26ರಂದು ಆರಂಭವಾದ ಪ್ರೊ ಕಬಡ್ಡಿ ಲೀಗೆಂಬ ವೃತ್ತಿಪಂದ್ಯಗಳ ಮಾಲೆಯು ದೂರದರ್ಶನದ ಪರದೆಯ ಮೂಲಕ ಮನೆಮನೆಗೆ ಬಂದು ಅವರಿಗೆ ಇದನ್ನು ಕಲಿಸಿತು.

ಹಣಕ್ಕಾಗಿ ಆಡುವ ಆಟವು, ಹಣವಿಲ್ಲದೆ ಆಡುವ ಆಟವನ್ನು ಬೆಳೆಸುವುದೋ ಕೊಲ್ಲುವುದೋ? ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ತಾಲ್ಲೂಕುಗಳ ಮಹಾಜನರೂ ಅಧಿಕಾರಿಗಳೂ ಈ ಪ್ರಶ್ನೆಯನ್ನು ವಿಚಾರ ಮಾಡತಕ್ಕ ಕಾಲ ಬಂದಿದೆ. ಈ ಪ್ರಶ್ನೆ ನಮಗೆ ಹೊಸದಾದರೂ ಲೋಕಕ್ಕೆ ಹೊಸದಲ್ಲ. ಅಮೆರಿಕದ ವೃತ್ತಿನಿರತ ಬ್ಯಾಸ್ಕೆಟ್‌ಬಾಲು ಯೂರೋಪ್ ಖಂಡದ ಆಟದ ಮೇಲೆ ಮಾಡಿದ ಪರಿಣಾಮವನ್ನು ನೋಡಿದರೆ ನಮಗೆ ಬೇಕಾದ ಉತ್ತರದ ಬಹುಭಾಗವು ಅಲ್ಲಿಯೇ ದೊರೆಯುವುದು.

ಅಮೆರಿಕದ ಗುರುವೂ ಯೂರೋಪಿನ ಶಿಷ್ಯನೂ

ಬ್ಯಾಸ್ಕೆಟ್‌ಬಾಲು ಹುಟ್ಟಿದ್ದು 1891ರ ಡಿಸೆಂಬರಿನಲ್ಲಿ. ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಪಟ್ಟಣದ ವೈ.ಎಂ.ಸಿ.ಎ. ವಿದ್ಯಾಲಯದಲ್ಲಿ ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮದ ಉಪಾಧ್ಯಾಯರು, ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡತಕ್ಕ ಆಟವೊಂದು ಬೇಕೆಂದು ಯೋಚಿಸಿ, ಹಣ್ಣಿನ ಬುಟ್ಟಿಗಳನ್ನು ಮೇಲಂತಸ್ತಿನ ಕಟಕಟೆಗೆ ಬಡಿದು ಇದನ್ನು ನಿರ್ಮಿಸಿದರು. ಎರಡೇ ವರ್ಷಗಳಲ್ಲಿ, ಎಂದರೆ 1893ರ ಡಿಸೆಂಬರಿನಲ್ಲಿ, ಪ್ಯಾರಿಸಿನ ವೈ.ಎಂ.ಸಿ.ಎ. ಭವನದಲ್ಲಿ ಯೂರೋಪಿನ ಮೊದಲ ಪಂದ್ಯವು ನಡೆಯಿತು. ನಮ್ಮ ದೇಶಕ್ಕೂ ಈ ಆಟವು ಅದೇ ಸಂಸ್ಥೆಯ ದ್ವಾರದಿಂದಲೇ ಬಂದಿತು. 1920ರಲ್ಲಿ ಹ್ಯಾರಿ ಕ್ರೋ ಬಕ್ ಅವರು ಮದರಾಸಿನಲ್ಲಿ ಸ್ಥಾಪಿಸಿದ ದೈಹಿಕ ಶಿಕ್ಷಣದ ವಿದ್ಯಾಲಯದಲ್ಲಿ ತರಬೇತಿ ಪಡೆದ ವ್ಯಾಯಾಮ ಶಿಕ್ಷಕರು ದಕ್ಷಿಣ ದೇಶದ ಅನೇಕ ಶಾಲೆಗಳಿಗೆ ಈ ಆಟವನ್ನು ಒಯ್ದರು.

ವೃತ್ತಿನಿರತರ ಸಂಘವು ಹುಟ್ಟಿದ್ದು ಬಹಳ ತಡವಾಗಿ. ಇಂದು ಎನ್.ಬಿ.ಎ. ಎಂದು ಲೋಕವೆಲ್ಲ ಬಲ್ಲ ಸಂಘವು 1946ರಲ್ಲಿ ಬೇರೆ ಹೆಸರಿನಿಂದ ಆರಂಭವಾಗಿ 1949ರಲ್ಲಿ ಈ ಹೆಸರನ್ನು ಪಡೆಯಿತು. ಅಷ್ಟರೊಳಗೆ ಯೂರೋಪು ತನ್ನ ಆಟವನ್ನು ಕಟ್ಟಿಕೊಂಡಿತ್ತು. ಲಿಥುವೇನಿಯಾ ಎಂಬ ಸಣ್ಣ ದೇಶವು 1937ರಲ್ಲಿಯೂ 1939ರಲ್ಲಿಯೂ ಯೂರೋಪಿನ ಪ್ರಶಸ್ತಿಯನ್ನು ಗೆದ್ದಿತು. ಅಮೆರಿಕದಲ್ಲಿ ಹುಟ್ಟಿ ಬೆಳೆದು, ತಂದೆತಾಯಿಗಳ ನೆಲಕ್ಕೆ ಹಿಂದಿರುಗಿದ ಪ್ರಾನಸ್ ಲುಬಿನಸ್ ಮೊದಲಾದವರು ಆ ತಂಡಕ್ಕೆ ಆಟವನ್ನು ಕಲಿಸಿದರು. ಗುರು ಹೊರಗಿನಿಂದ ಬಂದನು, ನಿಜ. ಆದರೆ ಅವನು ಹೊರಟುಹೋದ ಮೇಲೂ ಆಟವು ಆ ನೆಲದಲ್ಲಿ ಬೇರು ಬಿಟ್ಟು ಉಳಿಯಿತು. ದಾವಣಗೆರೆ, ಶಿವಮೊಗ್ಗ ಈ ಎರಡು ಜಿಲ್ಲೆಗಳ ಜನಸಂಖ್ಯೆಯನ್ನು ಕೂಡಿಸಿದರೆ ಅದು ಇಂದಿನ ಲಿಥುವೇನಿಯಾದ ಜನಸಂಖ್ಯೆಗಿಂತ ಕಡಮೆಯಾಗದು. ಅಷ್ಟು ಜನರಿರುವ ದೇಶವು 1992ರ ಬಾರ್ಸಿಲೋನಾ ಒಲಿಂಪಿಕ್ಸಿನಲ್ಲಿ ಕಂಚಿನ ಪದಕವನ್ನು ಪಡೆಯಿತೆಂಬುದನ್ನು ನಮ್ಮ ಓದುಗರು ಮನಸ್ಸಿನಲ್ಲಿಡಬೇಕು.

ಅದೇ ಬಾರ್ಸಿಲೋನಾದಲ್ಲಿಯೇ ಅಮೆರಿಕದ ವೃತ್ತಿನಿರತರು ಮೊದಲ ಸಲ ಒಲಿಂಪಿಕ್ಸಿಗೆ ಇಳಿದರು. ವೃತ್ತಿನಿರತರಿಗೆ ಇದ್ದ ನಿಷೇಧವನ್ನು ಅಂತರರಾಷ್ಟ್ರೀಯ ಸಂಘವು 1989ರಲ್ಲಿ ತೆಗೆದುಹಾಕಿತ್ತು. ಮೈಕೆಲ್ ಜೋರ್ಡಾನ್, ಮ್ಯಾಜಿಕ್ ಜಾನ್ಸನ್ ಮೊದಲಾದವರ ಆಟವನ್ನು ಪರದೆಯ ಮೇಲೆ ಕಂಡ ಯೂರೋಪಿನ ಹುಡುಗರಿಗೆ ಕಣ್ಣೆದುರು ಒಂದು ಗುರಿ ಸಿಕ್ಕಿತು. ಅಮೆರಿಕದ ನಿಯಮಗಳೂ ಒಂದೊಂದಾಗಿ ಕಡಲನ್ನು ದಾಟಿದವು. ಚೆಂಡನ್ನು ಇಂತಿಷ್ಟು ಸೆಕೆಂಡುಗಳಲ್ಲಿ ಎಸೆಯಲೇಬೇಕೆಂಬ ಗಡಿಯಾರವನ್ನು ಎನ್.ಬಿ.ಎ. 1954ರಲ್ಲಿ ತಂದಿತು, ಎರಡು ವರ್ಷಗಳ ತರುವಾಯ ಅಂತರರಾಷ್ಟ್ರೀಯ ಆಟವೂ ಗಡಿಯಾರವನ್ನು ಸ್ವೀಕರಿಸಿ, 2000ದಲ್ಲಿ ಅಮೆರಿಕದ 24 ಸೆಕೆಂಡುಗಳನ್ನೇ ಅಂಗೀಕರಿಸಿತು. ದೂರದಿಂದ ಎಸೆದುದಕ್ಕೆ ಮೂರು ಅಂಕವೆಂಬ ಗೆರೆಯು 1979ರಲ್ಲಿ ಎನ್.ಬಿ.ಎ.ಗೂ 1984ರಲ್ಲಿ ಅಂತರರಾಷ್ಟ್ರೀಯ ಆಟಕ್ಕೂ ಬಂದಿತು.

ಹನ್ನೆರಡು ವರ್ಷಗಳು ಕಳೆಯುವುದರೊಳಗೆ ಫಲವು ಕಾಣಿಸಿತು. 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಅಮೆರಿಕವು ಅರ್ಜೆಂಟೀನಾಕ್ಕೆ ಸೋತು ಕಂಚಿನಲ್ಲಿ ತೃಪ್ತಿಪಡಬೇಕಾಯಿತು. 2006ರ ವಿಶ್ವಸ್ಪರ್ಧೆಯಲ್ಲಿ ಗ್ರೀಸ್ ದೇಶವು ಅದನ್ನು ಉಪಾಂತ್ಯದಲ್ಲಿಯೇ ತಡೆಯಿತು. ಸರ್ಬಿಯಾದ ಸೊಂಬೋರ್ ಎಂಬ ಪಟ್ಟಣದ ನಿಕೊಲಾ ಯೋಕಿಚ್ 2014ರ ಆಯ್ಕೆಯಲ್ಲಿ ನಲವತ್ತೊಂದನೆಯವನಾಗಿ ಹೋಗಿ, 2021, 2022, 2024ರಲ್ಲಿ ಎನ್.ಬಿ.ಎ.ಯ ಅತ್ಯುತ್ತಮ ಆಟಗಾರನೆನಿಸಿಕೊಂಡನು.

ಯೂರೋಪನ್ನು ಕಾಪಾಡಿದ್ದು ಯಾವುದು?

ಇಷ್ಟನ್ನು ಓದಿದವರು ಅಮೆರಿಕದ ಹಣವೇ ಯೂರೋಪನ್ನು ಬೆಳೆಸಿತೆಂದು ತೀರ್ಮಾನಿಸಬಹುದು. ಅದು ಅರ್ಧ ಸತ್ಯ ಮಾತ್ರ. ಅಮೆರಿಕವು ಕೊಟ್ಟದ್ದು ಆಸೆಯನ್ನು, ಮಾದರಿಯನ್ನು, ಕೊನೆಯಲ್ಲಿ ಸಂಬಳವನ್ನು. ಹುಡುಗನು ಹತ್ತನೆಯ ವಯಸ್ಸಿನಲ್ಲಿ ಚೆಂಡನ್ನು ಹಿಡಿಯಲು ಬೇಕಾದ ಅಂಗಣ, ಅವನ ಕೈಯನ್ನು ತಿದ್ದುವ ಶಿಕ್ಷಕ, ಅವನು ಆಡತಕ್ಕ ಪ್ರತಿವಾರದ ಪಂದ್ಯ ಇವುಗಳನ್ನು ಕೊಟ್ಟದ್ದು ಅವನ ಊರು. ಯೂರೋಪಿನಲ್ಲಿ ಆಟದ ತಳಹದಿಯು ಊರಿನ ಸಂಘ. ಸಣ್ಣ ಊರಿನ ಸಂಘವು ಗೆದ್ದರೆ ಮೇಲಿನ ತರಗತಿಗೆ ಏರುವುದು, ಸೋತರೆ ಕೆಳಗಿಳಿಯುವುದು. ಪ್ರತಿಯೊಂದು ದೊಡ್ಡ ಸಂಘವೂ ಎಳೆಯರ ತಂಡಗಳನ್ನು ಸಾಕುವುದು. ಸ್ಲೊವೇನಿಯಾದ ಲೂಕಾ ಡೋಂಚಿಚ್ ಹದಿಹರೆಯದಲ್ಲಿಯೇ ರಿಯಲ್ ಮ್ಯಾಡ್ರಿಡ್ ಸಂಘವನ್ನು ಸೇರಿ, 2018ರಲ್ಲಿ ಅದರೊಡನೆ ಯೂರೋಪಿನ ಪ್ರಶಸ್ತಿಯನ್ನು ಗೆದ್ದ ಮೇಲೆ ಅಮೆರಿಕಕ್ಕೆ ಹೋದನು. ಅಮೆರಿಕವು ಪಡೆದದ್ದು ಸಿದ್ಧವಾದ ಫಲವನ್ನು. ಗೊಬ್ಬರ ನೀರು ಹಾಕಿದ ತೋಟಗಾರರು ಬೇರೆ.

ಇದರಿಂದ ಯೂರೋಪಿಗೆ ನಷ್ಟವೂ ಆಗಿದೆ. ಹತ್ತೊಂಬತ್ತು ಇಪ್ಪತ್ತು ವರ್ಷ ತುಂಬುವುದರೊಳಗೆ ಅತ್ಯುತ್ತಮರಾದ ಹುಡುಗರು ಕಡಲಾಚೆಗೆ ಹೊರಟುಹೋಗುತ್ತಾರೆ. ಸಾಕಿದ ಸಂಘಕ್ಕೆ ದೊರೆಯುವುದು ಒಂದು ಬಾರಿಯ ಪರಿಹಾರದ ಹಣ ಮಾತ್ರ. 2025ರ ಮಾರ್ಚಿಯಲ್ಲಿ ಎನ್.ಬಿ.ಎ.ಯೇ ಅಂತರರಾಷ್ಟ್ರೀಯ ಸಂಘದೊಡನೆ ಸೇರಿ ಯೂರೋಪಿನಲ್ಲಿ ಹೊಸ ಲೀಗೊಂದನ್ನು ಸ್ಥಾಪಿಸುವ ಆಲೋಚನೆಯನ್ನು ಪ್ರಕಟಿಸಿತು. ಹೀಗಿದ್ದರೂ ಊರಿನ ಸಂಘಗಳು ಉಳಿದಿರುವ ತನಕ ಯೂರೋಪಿನಲ್ಲಿ ಆಟಕ್ಕೆ ಕೇಡಿಲ್ಲ.

ಕಬಡ್ಡಿಯಲ್ಲಿ ನಾವು ಗುರು

ಇನ್ನು ನಮ್ಮ ಕಡೆಗೆ ತಿರುಗೋಣ. ಬ್ಯಾಸ್ಕೆಟ್‌ಬಾಲಿನಲ್ಲಿ ಅಮೆರಿಕಕ್ಕೆ ಯಾವ ಸ್ಥಾನವುಂಟೋ ಕಬಡ್ಡಿಯಲ್ಲಿ ಭಾರತಕ್ಕೆ ಆ ಸ್ಥಾನವುಂಟು. 1936ರ ಬರ್ಲಿನ್ ಒಲಿಂಪಿಕ್ಸಿನಲ್ಲಿ ಬ್ಯಾಸ್ಕೆಟ್‌ಬಾಲು ಮೊದಲ ಸಲ ಪದಕದ ಆಟವಾದಾಗ, ಅದೇ ನಗರದಲ್ಲಿ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳದವರು ಕಬಡ್ಡಿಯನ್ನು ಪ್ರದರ್ಶಿಸಿದರು. ಎರಡೂ ಆಟಗಳು ಒಂದೇ ವರ್ಷ ಒಂದೇ ಊರಿನಲ್ಲಿ ಲೋಕದ ಕಣ್ಣಿಗೆ ಬಿದ್ದವು. ಒಂದು ಲೋಕವನ್ನು ಸುತ್ತಿತು, ಇನ್ನೊಂದು ಹಳ್ಳಿಗೆ ಹಿಂದಿರುಗಿತು. 1950ರಲ್ಲಿ ಅಖಿಲ ಭಾರತ ಸಂಘವು ಸ್ಥಾಪಿತವಾಯಿತು. 1990ರಲ್ಲಿ ಬೀಜಿಂಗಿನ ಏಷ್ಯಾ ಕ್ರೀಡಾಕೂಟದಲ್ಲಿ ಪುರುಷರ ಕಬಡ್ಡಿಗೂ 2010ರಲ್ಲಿ ಗ್ವಾಂಗ್‌ಜೌವಿನಲ್ಲಿ ಸ್ತ್ರೀಯರ ಕಬಡ್ಡಿಗೂ ಸ್ಥಾನ ದೊರೆಯಿತು. ಆದರೂ ನಮ್ಮ ವಿದ್ಯಾವಂತರು ಇದನ್ನು ಹಳ್ಳಿಯ ಆಟವೆಂದು ಕೀಳಾಗಿ ಕಾಣುವುದನ್ನು ಬಿಡಲಿಲ್ಲ. ಹಿತ್ತಲ ಗಿಡ ಮದ್ದಲ್ಲ.

2014ರಲ್ಲಿ ಆರಂಭವಾದ ಲೀಗು ಈ ತಾತ್ಸಾರವನ್ನು ಒಂದೇ ಮಳೆಗಾಲದಲ್ಲಿ ತೊಳೆದುಹಾಕಿತು. ಅದರ ರಚನೆಯು ಅಮೆರಿಕದ್ದೇ: ಮಾಲಿಕರಿಗೆ ಹಂಚಿಕೊಟ್ಟ ನಗರದ ತಂಡಗಳು, ಆಟಗಾರರ ಹರಾಜು, ದೂರದರ್ಶನದ ಅನುಕೂಲಕ್ಕೆ ತಕ್ಕ ನಿಯಮಗಳು. ಎರಡು ಬರಿಯ ದಾಳಿಗಳಾದ ಮೇಲೆ ಮೂರನೆಯದರಲ್ಲಿ ಅಂಕ ತರಲೇಬೇಕೆಂಬ ನಿಯಮವೂ, ಮೂವರು ಅಥವಾ ಅದಕ್ಕಿಂತ ಕಡಮೆ ಜನ ಉಳಿದಾಗ ದಾಳಿಗಾರನನ್ನು ಹಿಡಿದರೆ ಹೆಚ್ಚಿನ ಒಂದು ಅಂಕವೆಂಬ ನಿಯಮವೂ ನೋಡುವವರ ಆಸಕ್ತಿಯನ್ನು ಕೆರಳಿಸಿದವು. ಎಂಟು ತಂಡಗಳಿದ್ದ ಲೀಗು 2017ರಲ್ಲಿ ಹನ್ನೆರಡು ತಂಡಗಳಾಯಿತು. 2014ರ ಹರಾಜಿನಲ್ಲಿ ಅತಿಹೆಚ್ಚಿನ ಬೆಲೆ 12.80 ಲಕ್ಷ ರೂಪಾಯಿ. 2018ರಲ್ಲಿ ಅದು 1.51 ಕೋಟಿ, 2023ರಲ್ಲಿ ಪವನ್ ಸೆಹರಾವತ್ ಎಂಬ ಆಟಗಾರನಿಗೆ 2.60 ಕೋಟಿಗೂ ಮೇಲೆ. ಹಳ್ಳಿಯ ಆಟಕ್ಕೆ ಇಷ್ಟು ಬೆಲೆ ಬಂದೀತೆಂದು ಮೂವತ್ತು ವರ್ಷಗಳ ಹಿಂದೆ ಹೇಳಿದ್ದರೆ ಯಾರೂ ನಂಬುತ್ತಿರಲಿಲ್ಲ.

ಗುರುವನ್ನು ಶಿಷ್ಯನು ಸೋಲಿಸಿದ ಕಥೆಯೂ ಇಲ್ಲಿ ಮರಳಿ ನಡೆಯಿತು. ಇರಾನಿನ ಹಲವು ಆಟಗಾರರು ನಮ್ಮ ಲೀಗಿನಲ್ಲಿ ಆಡುತ್ತ ನಮ್ಮವರ ಒಳಪಟ್ಟುಗಳನ್ನೆಲ್ಲ ಕಲಿತರು. 2018ರಲ್ಲಿ ಜಕಾರ್ತದ ಏಷ್ಯಾ ಕ್ರೀಡಾಕೂಟದಲ್ಲಿ ಅವರ ಪುರುಷರು ಉಪಾಂತ್ಯದಲ್ಲಿ ಭಾರತವನ್ನು 27ಕ್ಕೆ 18ರಿಂದ ಸೋಲಿಸಿದರು; ಅವರ ಸ್ತ್ರೀಯರು ಅಂತಿಮ ಪಂದ್ಯದಲ್ಲಿ 27ಕ್ಕೆ 24ರಿಂದ ಗೆದ್ದರು. ಆ ಸ್ತ್ರೀ ತಂಡಕ್ಕೆ ಶಿಕ್ಷಣ ಕೊಟ್ಟವರು ನಾಸಿಕದ ಶೈಲಜಾ ಜೈನ್ ಅವರು. 2023ರಲ್ಲಿ ಹ್ಯಾಂಗ್‌ಜೌವಿನಲ್ಲಿ ನಮ್ಮವರು ಎರಡು ಚಿನ್ನಗಳನ್ನೂ ಮರಳಿ ಪಡೆದರಾದರೂ, ಪುರುಷರ ಅಂತಿಮ ಪಂದ್ಯದಲ್ಲಿ ಅಂತರವು ನಾಲ್ಕೇ ಅಂಕ. ಇದನ್ನು ಅಪಮಾನವೆಂದು ತಿಳಿಯಬೇಕಾದುದಿಲ್ಲ. ಕಲಿಸಿದ ವಿದ್ಯೆಯು ಹರಡಿತೆಂಬುದಕ್ಕೆ ಇದೇ ಪ್ರಮಾಣ. ಆದರೆ ಇರಾನಿನವನು ನಮ್ಮಿಂದ ಕಲಿತದ್ದನ್ನು ನಮ್ಮ ಜಗಳೂರಿನ ಹುಡುಗನು ಕಲಿತನೇ ಎಂದು ಕೇಳುವ ಹಕ್ಕು ನಮಗಿದೆ.

ಲೀಗು ಬಂದಿತು, ಊರಿಗೆ ಏನು ಬಂದಿತು?

ಬೆಂಗಳೂರಿನ ಹೆಸರನ್ನು ಹೊತ್ತ ಬುಲ್ಸ್ ತಂಡವು 2019ರ ಜನವರಿ 5ರಂದು ಮುಂಬಯಿಯಲ್ಲಿ ಗುಜರಾತಿನ ತಂಡವನ್ನು 38ಕ್ಕೆ 33ರಿಂದ ಸೋಲಿಸಿ ಪ್ರಶಸ್ತಿಯನ್ನು ಗೆದ್ದಾಗ ಕನ್ನಡಿಗರೆಲ್ಲ ಹಿಗ್ಗಿದರು. ಹಿಗ್ಗಿದುದು ತಪ್ಪಲ್ಲ. ಆದರೆ ಆ ತಂಡದ ನಾಯಕನೂ, ಅಂತಿಮ ಪಂದ್ಯದಲ್ಲಿ 22 ಅಂಕ ತಂದ ದಾಳಿಗಾರನೂ ದಿಲ್ಲಿಯ ಕಡೆಯವರು. ಕರ್ನಾಟಕದಲ್ಲಿ ಸಮರ್ಥರಿಲ್ಲವೆಂದು ಇದರ ಅರ್ಥವಲ್ಲ. ಕಾರ್ಕಳ, ಪುತ್ತೂರಿನ ಕಡೆಯಿಂದ ಸುಕೇಶ ಹೆಗ್ಡೆ, ಪ್ರಶಾಂತ ಕುಮಾರ ರೈ ಮೊದಲಾದವರು ಲೀಗಿನಲ್ಲಿ ಹೆಸರು ಮಾಡಿದರು. ನಮ್ಮವರೇ ಆದ ಬಿ.ಸಿ. ರಮೇಶ್ ಅವರ ಶಿಕ್ಷಣದಲ್ಲಿ 2019ರಲ್ಲಿ ಬಂಗಾಳದ ತಂಡವೂ 2024ರಲ್ಲಿ ಪುಣೆಯ ತಂಡವೂ ಪ್ರಶಸ್ತಿ ಗೆದ್ದವು. ಕರಾವಳಿಯಲ್ಲಿ ಊರೂರಿಗೂ ಯುವಕ ಸಂಘಗಳುಂಟು. ಅವು ವರ್ಷ ವರ್ಷವೂ ಪಂದ್ಯಗಳನ್ನು ನಡೆಸುತ್ತವೆ. ಯೂರೋಪಿನ ಊರಿನ ಸಂಘಕ್ಕೆ ನಮ್ಮಲ್ಲಿ ಹತ್ತಿರದ ವಸ್ತು ಏನಾದರೂ ಇದ್ದರೆ ಅದೇ. ಸಂಘವಿದ್ದ ಕಡೆಯಲ್ಲಿ ಲೀಗಿನ ಬೆಳಕು ಬಿದ್ದು ಬೆಳೆ ಬಂದಿತು.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಬಲಕ್ಕೆ ಕೊರತೆಯಿಲ್ಲ. ಜಾತ್ರೆಯ ಜಂಗೀ ಕುಸ್ತಿಯೂ ಗರಡಿಯ ಸಾಮೂ ಈ ಸೀಮೆಗೆ ಹೊಸದಲ್ಲ. ಹೊನ್ನಾಳಿ ನ್ಯಾಮತಿಗಳ ಹೊಲಗಳಲ್ಲಿ ದುಡಿದ ತೋಳಿಗೂ, ಚನ್ನಗಿರಿಯ ಅಡಿಕೆ ಮರವನ್ನೇರುವ ಕಾಲಿಗೂ ಕಬಡ್ಡಿಯು ಪರಕೀಯವಲ್ಲ. ಉತ್ಸಾಹಕ್ಕೂ ಕೊರತೆಯಿಲ್ಲ: ಜಾತ್ರೆಗೋ ರಾಜ್ಯೋತ್ಸವಕ್ಕೋ ಹೊನಲು ಬೆಳಕಿನ ಪಂದ್ಯಾವಳಿಗಳು ನಡೆಯುತ್ತವೆ, ಧ್ವನಿವರ್ಧಕದಲ್ಲಿ ಲೀಗಿನ ಧಾಟಿಯಲ್ಲಿಯೇ ವಿವರಣೆಯು ನಡೆಯುತ್ತದೆ, ಹುಡುಗರು ಹೆಸರು ಅಚ್ಚು ಹಾಕಿಸಿದ ಅಂಗಿ ತೊಡುತ್ತಾರೆ. ಆದರೆ ಪಂದ್ಯಾವಳಿಯು ಎರಡು ರಾತ್ರಿಯ ಸಂಭ್ರಮ. ಮೂರನೆಯ ದಿನ ದೀಪದ ಕಂಬಗಳು ಹೋಗುತ್ತವೆ, ಬಾಡಿಗೆಯ ಮ್ಯಾಟನ್ನು ಸುತ್ತಿ ಲಾರಿಗೆ ಹೇರುತ್ತಾರೆ, ಬಯಲು ಎಂದಿನಂತೆ ದನಗಳ ಪಾಲಾಗುತ್ತದೆ. ಮಣ್ಣಿನ ಮೇಲೆ ಬರಿಗಾಲಿನಲ್ಲಿ ಆಡಿ ಬೆಳೆದ ಹುಡುಗನು ಒಮ್ಮೆಲೇ ಮ್ಯಾಟಿನ ಮೇಲೆ ಬೂಟು ಹಾಕಿಕೊಂಡು ಆಡುವಾಗ ಅವನ ಹಿಡಿತವೂ ತಿರುವೂ ಬೇರೆಯಾಗುತ್ತವೆ; ಮೊಣಕಾಲಿಗೆ ಪೆಟ್ಟು ಬೀಳುವ ಭಯವೂ ಹೆಚ್ಚು. ಆಯ್ಕೆಯ ದಿನ ಅವನು ಸೋಲುವುದು ಬಲದಲ್ಲಿ ಅಲ್ಲ, ಅಭ್ಯಾಸದಲ್ಲಿ.

ಇನ್ನೊಂದು ಮಾತು. ಹಿಂದೆ ಕ್ರೀಡಾಪಟುವಿಗೆ ಗುರಿಯಾಗಿದ್ದುದು ರೈಲ್ವೆ, ಪೊಲೀಸು, ಬ್ಯಾಂಕುಗಳ ಕೆಲಸ. ಕ್ರೀಡಾ ತಂಡಗಳನ್ನು ಸಾಕಿದ ಮೈಸೂರು ಸ್ಟೇಟ್ ಬ್ಯಾಂಕು 2017ರಲ್ಲಿಯೂ ವಿಜಯಾ ಬ್ಯಾಂಕು 2019ರಲ್ಲಿಯೂ ದೊಡ್ಡ ಬ್ಯಾಂಕುಗಳಲ್ಲಿ ವಿಲೀನವಾದವು. ನಿವೃತ್ತಿಯ ತನಕ ಅನ್ನ ಕೊಡುವ ಕೆಲಸಕ್ಕೆ ಬದಲಾಗಿ ಹುಡುಗರ ಕಣ್ಣು ಈಗ ಹರಾಜಿನ ಮೇಲೆ ನೆಟ್ಟಿದೆ. ಹನ್ನೆರಡು ತಂಡಗಳಲ್ಲಿ ತಲಾ ಇಪ್ಪತ್ತು ಇಪ್ಪತ್ತೈದು ಜನರಂತೆ ಲೆಕ್ಕ ಹಾಕಿದರೂ ದೇಶಕ್ಕೆಲ್ಲ ಮುನ್ನೂರು ಸ್ಥಾನಗಳು. ಆ ಮುನ್ನೂರಕ್ಕಾಗಿ ಓದನ್ನು ಬಿಟ್ಟು ಹೊರಡುವ ಹುಡುಗನ ತಂದೆಗೆ ಈ ಲೆಕ್ಕವನ್ನು ತಿಳಿಯಹೇಳುವುದು ಉಪಾಧ್ಯಾಯರ ಕರ್ತವ್ಯ.

ಹೆಣ್ಣುಮಕ್ಕಳ ಸ್ಥಿತಿಯು ಇನ್ನೂ ಶೋಚನೀಯ. ಕಾರ್ಕಳ ತಾಲ್ಲೂಕಿನ ಮಮತಾ ಪೂಜಾರಿಯವರ ನಾಯಕತ್ವದಲ್ಲಿ ಭಾರತದ ಸ್ತ್ರೀಯರು 2012ರಲ್ಲಿ ಪಾಟ್ನಾದಲ್ಲಿ ವಿಶ್ವಪ್ರಶಸ್ತಿಯನ್ನು ಗೆದ್ದರು. ಕನ್ನಡತಿಯೇ ಆದ ತೇಜಸ್ವಿನಿಬಾಯಿಯವರಿಗೆ 2011ರಲ್ಲಿಯೂ ಮಮತಾ ಅವರಿಗೆ 2014ರಲ್ಲಿಯೂ ಅರ್ಜುನ ಪ್ರಶಸ್ತಿಯು ಬಂದಿತು. 2016ರಲ್ಲಿ ಪುರುಷರ ಲೀಗಿನ ಜೊತೆಗೆ ಮೂರೇ ತಂಡಗಳ ಸ್ತ್ರೀ ಪಂದ್ಯಗಳನ್ನು ಏರ್ಪಡಿಸಿದಾಗ ಅವುಗಳಲ್ಲಿ ಎರಡಕ್ಕೆ ಇವರಿಬ್ಬರೇ ನಾಯಕಿಯರು. ಆ ಪ್ರಯೋಗವು ಒಂದೇ ವರ್ಷಕ್ಕೆ ನಿಂತುಹೋಯಿತು. 2025ರಲ್ಲಿ ಢಾಕಾದಲ್ಲಿ ನಮ್ಮ ಸ್ತ್ರೀಯರು ಮರಳಿ ವಿಶ್ವಪ್ರಶಸ್ತಿಯನ್ನು ತಂದರು. ಇಷ್ಟಾದರೂ ಪರದೆಯ ಮೇಲೆ ಹುಡುಗನಿಗೆ ಕಾಣುವ ಗುರಿಯು ಹುಡುಗಿಗೆ ಕಾಣುವುದಿಲ್ಲ. ತಾಲ್ಲೂಕು ಕ್ರೀಡಾಕೂಟದಲ್ಲಿ ಗೆದ್ದ ಹುಡುಗಿಯು ಹತ್ತನೆಯ ತರಗತಿ ಮುಗಿದೊಡನೆ ಆಟದಿಂದ ಮರೆಯಾಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಹಣದ ಲೀಗು ಹಣ ಬರುವ ಕಡೆಗೆ ಮಾತ್ರ ನೋಡುವುದು. ಉಳಿದವರನ್ನು ನೋಡಿಕೊಳ್ಳತಕ್ಕವರು ಸರಕಾರ ಮತ್ತು ಸಮಾಜ.

ಮಾಡತಕ್ಕ ಕೆಲಸ

ಆದುದರಿಂದ ಲೀಗನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ಅದು ತನ್ನ ಕೆಲಸವನ್ನು ಮಾಡಿದೆ. ನಮ್ಮ ಕೆಲಸವು ಬಾಕಿಯಿದೆ.

ಮೊದಲನೆಯದು, ನೆಲ. ಹೊನ್ನಾಳಿಯಿಂದ ಬೇರ್ಪಟ್ಟು ಹೊಸ ತಾಲ್ಲೂಕಾದ ನ್ಯಾಮತಿಯಲ್ಲಿ ಕಚೇರಿಗಳಿಗೂ ವಸತಿಗೂ ನಿವೇಶನಗಳನ್ನು ಗುರುತಿಸುವಾಗ ಕ್ರೀಡಾಂಗಣಕ್ಕೂ ನೆಲವನ್ನು ಕಾದಿರಿಸಬೇಕು. ಊರು ಬೆಳೆದ ಮೇಲೆ ಹುಡುಕಿದರೆ ಊರ ಹೊರಗೆ ಮೂರು ಮೈಲಿಯಾಚೆ ಸಿಕ್ಕುವುದು. ಅಲ್ಲಿಗೆ ಹುಡುಗಿಯರನ್ನು ಯಾರೂ ಕಳುಹಿಸರು. ಉದ್ಯೋಗ ಖಾತರಿ ಯೋಜನೆಯ ಹಣದಲ್ಲಿ ಕರ್ನಾಟಕದ ಅನೇಕ ಗ್ರಾಮ ಪಂಚಾಯತಿಗಳು ಶಾಲೆಗಳಿಗೆ ಆಟದ ಅಂಗಣಗಳನ್ನು ಮಾಡಿಸಿದುವು. ಮಾಡಿಸಿದ್ದನ್ನು ಕಾಪಾಡಿಕೊಳ್ಳುವುದು ಪಂಚಾಯತಿಯ ಸದಸ್ಯರ ಹೊಣೆ.

ಎರಡನೆಯದು, ಶಿಕ್ಷಕ. ದೈಹಿಕ ಶಿಕ್ಷಕರೇ ಇಲ್ಲದ ಶಾಲೆಗಳು ನಮ್ಮಲ್ಲಿ ಹಲವು. ಇದ್ದ ಶಿಕ್ಷಕರಿಗೆ ಜನಗಣತಿ, ಚುನಾವಣೆ ಮೊದಲಾದ ಬೇರೆ ಬೇರೆ ಕೆಲಸಗಳು. ಸರಕಾರವು ಹುದ್ದೆಗಳನ್ನು ತುಂಬುವ ತನಕ, ನಾಲ್ಕೈದು ಶಾಲೆಗಳಿಗೆ ಒಬ್ಬರಂತೆ ವಾರಕ್ಕೆ ಎರಡು ಸಂಜೆ ಶಿಕ್ಷಣ ಕೊಡುವ ಏರ್ಪಾಡನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳು ಮಾಡಬಹುದು. ಹಿಂದೆ ಆಡಿದ ಹಿರಿಯರು ಪ್ರತಿ ಹೋಬಳಿಯಲ್ಲಿಯೂ ಇದ್ದಾರೆ, ಕರೆದರೆ ಬರುತ್ತಾರೆ.

ಮೂರನೆಯದು, ಮ್ಯಾಟು. ಎರಡು ರಾತ್ರಿಯ ಪಂದ್ಯಾವಳಿಗೆ ಸುರಿಯುವ ಬಾಡಿಗೆ, ಬಹುಮಾನ, ಧ್ವನಿವರ್ಧಕಗಳ ಹಣದಲ್ಲಿ ಒಂದು ಪಾಲನ್ನು ವರ್ಷವರ್ಷವೂ ಎತ್ತಿಟ್ಟು ತಾಲ್ಲೂಕಿಗೊಂದು ಮ್ಯಾಟನ್ನು ಕೊಂಡರೆ, ಅದು ಹಲವು ವರ್ಷ ನಡೆಯುವುದು. ಪುರುಷರ ಅಂಕಣಕ್ಕೆ ಬೇಕಾದದ್ದು 13 ಮೀಟರು ಉದ್ದ, 10 ಮೀಟರು ಅಗಲ. ಒಂದು ಸಾಧಾರಣ ಕಲ್ಯಾಣ ಮಂಟಪದಲ್ಲಿ ಹಿಡಿಸುವಷ್ಟು. ಅಡಿಕೆಯ ವ್ಯಾಪಾರದಲ್ಲಿ ಅನುಕೂಲಸ್ಥರಾದ ಚನ್ನಗಿರಿಯ ವರ್ತಕರಿಗೆ ಇದು ಭಾರವಲ್ಲ.

ನಾಲ್ಕನೆಯದು, ಪಂದ್ಯ. ವರ್ಷಕ್ಕೊಮ್ಮೆ ಹೋಬಳಿ, ತಾಲ್ಲೂಕು, ಜಿಲ್ಲೆ ಎಂಬ ಮೆಟ್ಟಿಲುಗಳಲ್ಲಿ ನಡೆಯುವ ಶಾಲಾ ಕ್ರೀಡಾಕೂಟದಲ್ಲಿ ಮೊದಲ ಪಂದ್ಯದಲ್ಲಿ ಸೋತ ತಂಡಕ್ಕೆ ಆ ವರ್ಷದ ಆಟ ಮುಗಿಯಿತು. ಇದರಿಂದ ಆಟಗಾರ ಬೆಳೆಯುವುದೆಂತು? ನಾಲ್ಕು ತಾಲ್ಲೂಕುಗಳ ಶಾಲೆಗಳೂ ಯುವಕ ಸಂಘಗಳೂ ಸೇರಿ, ಸುಗ್ಗಿ ಮುಗಿದ ಮೇಲಣ ತಿಂಗಳುಗಳಲ್ಲಿ ವಾರಕ್ಕೊಂದರಂತೆ, ಗೆದ್ದವರೂ ಸೋತವರೂ ಸಮಾನವಾಗಿ ಆಡುವ ಪಂದ್ಯಗಳನ್ನು ಏರ್ಪಡಿಸಬೇಕು. ಹುಡುಗರಿಗೆ ಎಷ್ಟು ಪಂದ್ಯಗಳೋ ಹುಡುಗಿಯರಿಗೂ ಅಷ್ಟೇ. ಯೂರೋಪಿನ ಸಣ್ಣ ಊರುಗಳು ಮಾಡಿದ್ದು ಇಷ್ಟೇ. ಬರದ ವರ್ಷಗಳಲ್ಲಿ ಜಗಳೂರಿನ ಅನೇಕ ಕುಟುಂಬಗಳು ದುಡಿಮೆಗಾಗಿ ಊರು ಬಿಡುತ್ತವೆ. ತಂದೆತಾಯಿಗಳೊಡನೆ ಹೊರಡುವ ಹುಡುಗನನ್ನು ಶಾಲೆಯಲ್ಲಿ ಹಿಡಿದು ನಿಲ್ಲಿಸಲು ಒಂದು ತಂಡದಲ್ಲಿರುವ ಸ್ಥಾನವೂ ಸಹಾಯವಾಗಬಹುದು. ಆ ಒಂದು ಲಾಭಕ್ಕಾಗಿಯೇ ಈ ವೆಚ್ಚವನ್ನು ಮಾಡಬಹುದು.

ಈ ನಾಲ್ಕು ಕೆಲಸಗಳಲ್ಲಿ ಯಾವುದಕ್ಕೂ ಕೋಟಿಗಟ್ಟಲೆ ಹಣ ಬೇಡ, ಬೆಂಗಳೂರಿನ ಅಪ್ಪಣೆಯೂ ಬೇಡ. ಬರುವ ಬೇಸಗೆಯೊಳಗೆ ಒಂದು ತಾಲ್ಲೂಕಾದರೂ ಇವುಗಳಲ್ಲಿ ಒಂದನ್ನು ಕೈಕೊಂಡರೆ ಉಳಿದ ಮೂರು ಅದನ್ನು ನೋಡಿ ಕಲಿಯುವುವು. ಇಂಥ ಕಾರ್ಯಕ್ಕೆ ಮುಂದಾಗುವ ಸಂಘದವರ ಸಮಾಚಾರಕ್ಕೆ ಈ ಪತ್ರಿಕೆಯು ಸ್ಥಳವನ್ನು ತೆರೆದಿಟ್ಟಿರುವುದು. ಸಂಜೆಯ ಬಯಲಿನಲ್ಲಿ ಮೂವತ್ತರಿಂದ ಹಿಂದಕ್ಕೆ ಎಣಿಸುತ್ತಿರುವ ಹುಡುಗರು ತಮ್ಮ ಪಾಲಿನದನ್ನು ತಾವೇ ಕಲಿತುಕೊಂಡಿದ್ದಾರೆ. ದೊಡ್ಡವರ ಪಾಲಿನದು ಮಾತ್ರ ಉಳಿದಿದೆ.